ಒರೆಯೊಳಗಣ ಕೈಕೋವಿ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡು ಕವಲಂದೆಗಳನ್ನು ಹಿಂದಿಟ್ಟು, ತನ್ನ ಕೊನೆಯ ನಿಲ್ದಾಣವನ್ನು ಸೇರುವುದಕ್ಕೆ ತುಸು ಮುಂಚೆ ಬದನಗುಪ್ಪೆಯನ್ನು ಮುಟ್ಟುತ್ತದೆ. ಕಬ್ಬಿಣದ ಹಾದಿ ಈ ಸೀಮೆಯನ್ನು ಹೊಕ್ಕದ್ದು 1926ರಲ್ಲಿ. ಈಗ ಊರ ಬಳಿಯಲ್ಲಿ ಕೈಗಾರಿಕಾ ಪ್ರದೇಶವೊಂದು ತಲೆಯೆತ್ತಿದೆ. ಆದರೂ ಮೂಡಲಿಗೆ ಬಿಳಿಗಿರಿರಂಗನ ಬೆಟ್ಟವೂ, ಗುಂಡ್ಲುಪೇಟೆಯಾಚೆಗೆ ಬಂಡೀಪುರದ ಅಡವಿಯೂ ಇರುವ ಈ ನಾಡಿನಲ್ಲಿ ಹೊಲಕ್ಕೂ ಕಾಡಿಗೂ ಇರುವ ನಂಟು ಕಡಿದುಹೋಗಿಲ್ಲ. ಬೆಳೆ ಕಾಯುವವನ ಅಟ್ಟಣೆ, ಹಂದಿಯನ್ನು ಬೆದರಿಸುವ ತಮಟೆ, ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಲೈಸೆನ್ಸು ಪಡೆದ ಕೋವಿ, ಇವು ಇಲ್ಲಿಯವರಿಗೆ ಹೊಸವಲ್ಲ.

ಆಯುಧಪೂಜೆಯ ದಿನ ಇಂತಹ ಮನೆಗಳಲ್ಲಿ ನೇಗಿಲು ಕುಡುಗೋಲುಗಳನ್ನು ತೊಳೆದು ಕುಂಕುಮವಿಡುತ್ತಾರೆ. ಅಟ್ಟದ ಮೇಲಿನ ವಸ್ತುಗಳೂ ಅಂದು ಕೆಳಗಿಳಿಯುವುದುಂಟು. ಹಾಗೆ ಇಳಿದ ಪೆಟ್ಟಿಗೆಯೊಂದನ್ನು ನಾವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ತೀರಿಹೋದ ತಂದೆಯ ಪೆಟ್ಟಿಗೆ ಅದು. ಹಳೆಯ ಕಾಗದ ಪತ್ರಗಳ ಅಡಿಯಲ್ಲಿ, ಎಣ್ಣೆ ಹೀರಿದ ಬಟ್ಟೆಯ ಗಂಟಿನಲ್ಲಿ, ಅಂಗೈಯಷ್ಟೇ ಉದ್ದದ ಪಿಸ್ತೂಲೊಂದು ಇದೆ. ಪರದೇಶದಲ್ಲಿ ಮಾಡಿದ್ದು, ತಂದೆಗೂ ಮುಂಚೆ ಒಬ್ಬಿಬ್ಬರ ಕೈ ದಾಟಿ ಬಂದದ್ದು. ಮಗನಿಗೆ ತೋಚುವುದೇನು? ತುಕ್ಕನ್ನು ತೆಗೆದು, ಎಣ್ಣೆ ಸವರಿ, ಒಳ್ಳೆಯ ಚರ್ಮದ ಒರೆಯೊಂದನ್ನು ಹೊಲಿಸಿ, ಅಂಗಿಯ ಮರೆಯಲ್ಲಿ ಕಟ್ಟಿಕೊಂಡರೆ ಆಯಿತಲ್ಲವೆ ಎಂದು ತೋಚಬಹುದು. ಈ ಪ್ರಶ್ನೆಗೆ ಇತಿಹಾಸವು ಏನು ಉತ್ತರ ಹೇಳುತ್ತದೆಂಬುದನ್ನು ಇಂದು ವಿಚಾರಿಸೋಣ. ಬಚ್ಚಿಟ್ಟುಕೊಳ್ಳಬಹುದಾದ ಕೋವಿ ಎಂಬುದು ಎಂದು ಹುಟ್ಟಿತು, ಅದನ್ನು ಮನುಷ್ಯರು ಹೇಗೆ ಪೋಷಿಸಿದರು, ಅದಕ್ಕೆ ಏನೇನು ತೊಡಿಸಿದರು, ಅದು ಅವರಿಂದ ಏನನ್ನು ಬೇಡಿತು ಎಂಬುದೇ ಈ ಭಾಷಣದ ವಿಷಯ.

ಕೋವಿಯು ಮೊದಮೊದಲು ಮರೆಮಾಡಬಹುದಾದ ಆಯುಧವಾಗಿರಲಿಲ್ಲ. ಹಳೆಯ ಕೋವಿಗೆ ಹೊತ್ತಿ ಉರಿಯುವ ಬತ್ತಿಯೇ ಜೀವ. ಸಿಪಾಯಿಯು ಕಿಡಿಯಾಡುತ್ತಿರುವ ಬತ್ತಿಯನ್ನು ಸದಾ ಕೈಯಲ್ಲಿ ಹಿಡಿದಿರಬೇಕಾಗಿತ್ತು. ಕಿವಿಯ ಮದ್ದಿಗೆ ಅದು ತಗುಲಿದಾಗಲೇ ಈಡು ಹಾರುವುದು. ಕತ್ತಲಲ್ಲಿ ಕೆಂಪಗೆ ಕಾಣುವ, ಹೊಗೆಯ ವಾಸನೆಯಿಂದಲೇ ಇರುವನ್ನು ಸಾರುವ ಈ ಬತ್ತಿಯನ್ನು ಯಾರು ತಾನೆ ನಿಲುವಂಗಿಯೊಳಗೆ ಬಚ್ಚಿಟ್ಟಾರು? ಹದಿನಾರನೆಯ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ಚಕ್ರದ ಕೀಲು ಬಂದಿತು. ಗಡಿಯಾರದಂತೆ ಕೀಲಿಕೊಟ್ಟ ಉಕ್ಕಿನ ಚಕ್ರವೊಂದು ಗಿರನೆ ತಿರುಗಿ ಕಲ್ಲಿಗೆ ಉಜ್ಜಿ ಕಿಡಿಯನ್ನು ತಾನೇ ಹುಟ್ಟಿಸುವ ಉಪಾಯವದು. ಬತ್ತಿಯ ಹಂಗು ತಪ್ಪಿದೊಡನೆ ಕೋವಿ ಮೋಟಾಯಿತು, ಒಂದು ಕೈಯ ಆಯುಧವಾಯಿತು, ಮದ್ದು ತುಂಬಿದ ಸ್ಥಿತಿಯಲ್ಲೇ ಬಟ್ಟೆಯ ಮರೆಗೆ ಸೇರಿತು.

ಅರಸರು ಇದರ ಅಪಾಯವನ್ನು ಬೇಗನೆ ಕಂಡುಕೊಂಡರು. 1517ರ ಸುಮಾರಿಗೇ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನು ತನ್ನ ಸೀಮೆಗಳಲ್ಲಿ ತಾನಾಗಿ ಕಿಡಿ ಹುಟ್ಟಿಸುವ ಇಂತಹ ಕೋವಿಗಳನ್ನು ನಿಷೇಧಿಸಿದನು. ನಾವು ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಆಯುಧದ ಬಲ ಹೆಚ್ಚಿತೆಂದು ಈ ಕಟ್ಟಳೆ ಹುಟ್ಟಲಿಲ್ಲ. ಬತ್ತಿಯ ದೊಡ್ಡ ಕೋವಿ ಈ ಮೋಟು ಕೋವಿಗಿಂತ ಎಷ್ಟೋ ಬಲವುಳ್ಳದ್ದಾಗಿತ್ತು. ಎದುರಿಗಿರುವವನಿಗೆ ಕಾಣದಂತೆ ಇರಬಲ್ಲದೆಂಬ ಒಂದೇ ಕಾರಣಕ್ಕೆ ಕೈಕೋವಿಯು ತನ್ನ ಬಾಲ್ಯದಲ್ಲಿಯೇ ಕಾನೂನಿನ ಕಣ್ಣಿಗೆ ಬಿದ್ದಿತು.

ಚಕ್ರದ ಕೀಲು ಬೆಲೆಯುಳ್ಳದ್ದು; ಕೆಟ್ಟರೆ ನುರಿತ ಕುಶಲಿಯೇ ಬರಬೇಕು. ಹದಿನೇಳನೆಯ ಶತಮಾನದಲ್ಲಿ ಅದಕ್ಕಿಂತ ಸರಳವಾದ ಚಕಮಕಿ ಕೀಲು ಫ್ರಾನ್ಸಿನಿಂದ ಹರಡಿತು. ಕುದುರೆಯ ದವಡೆಯಲ್ಲಿ ಕಚ್ಚಿಸಿದ ಚಕಮಕಿಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಕೊಡುವ ಈ ಏರ್ಪಾಡು ಇನ್ನೂರು ವರ್ಷ ಲೋಕವನ್ನಾಳಿತು. ನಮ್ಮ ನಾಡಿನಲ್ಲಿ ಇದರ ಅತ್ಯುತ್ತಮ ಕೆಲಸವನ್ನು ಕಾಣಬೇಕಾದರೆ ಶ್ರೀರಂಗಪಟ್ಟಣದ ಕಾರ್ಖಾನೆಗಳನ್ನು ನೆನೆಯಬೇಕು. ಟೀಪೂ ಸುಲ್ತಾನನ ಕಾಲದಲ್ಲಿ ಅಲ್ಲಿ ದೇಶೀಯರೂ ಫ್ರೆಂಚರೂ ಕೂಡಿ ಕೆಲಸ ಮಾಡಿ, ಯೂರೋಪಿನ ಮಾದರಿಯ ಬಂದೂಕುಗಳನ್ನೂ ಪಿಸ್ತೂಲುಗಳನ್ನೂ ತಯಾರಿಸಿದರು. ಸುಲ್ತಾನನಿಗಾಗಿಯೇ ಮಾಡಿದ ಪಿಸ್ತೂಲುಗಳ ಮೇಲೆ ಹುಲಿಯ ಮುಖ, ಹುಲಿಯ ಪಟ್ಟೆ, ಹೈದರನ ಹೆಸರಿನ ಅಕ್ಷರಗಳು, ಮೌಲೂದಿ ಶಕೆಯ ವರ್ಷ ಇವೆಲ್ಲ ಕೆತ್ತಲ್ಪಟ್ಟಿವೆ. ಜೋಡಿಯಾಗಿ ಮಾಡಿದ ಕೆಲವು ಪಿಸ್ತೂಲುಗಳಲ್ಲಿ ಒಂದರ ಕೀಲು ಬಲಗಡೆಗೂ ಇನ್ನೊಂದರ ಕೀಲು ಎಡಗಡೆಗೂ ಇದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಕನ್ನಡಿಯ ಬಿಂಬದಂತೆ ಕಾಣುತ್ತವೆ.

ಈ ಸೊಗಸಿನ ಹಿಂದೆ ಎಂತಹ ದುಡಿಮೆಯಿತ್ತೆಂಬುದನ್ನು ನಾವು ಮರೆಯಬಾರದು. ಕರಿಮದ್ದು ಸುಟ್ಟಮೇಲೆ ನಳಿಗೆಯಲ್ಲಿ ಉಳಿಯುವ ಕಿಟ್ಟವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಒಂದು ರಾತ್ರಿ ಬಿಟ್ಟರೆ ಸಾಕು, ಕಬ್ಬಿಣದಲ್ಲಿ ತುಕ್ಕಿನ ಹೂ ಅರಳುತ್ತದೆ. ಆದುದರಿಂದ ಈಡು ಹಾರಿಸಿದ ದಿನವೇ ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಗಜಕ್ಕೆ ಬಟ್ಟೆ ಸುತ್ತಿ ಒರೆಸಿ, ಒಣಗಿಸಿ, ಎಣ್ಣೆ ಸವರಬೇಕಾಗಿತ್ತು. ಚಕಮಕಿಕಲ್ಲಿನ ಅಂಚು ಮೊಂಡಾದರೆ ಕಿಡಿ ಬೀಳದು. ಅದನ್ನು ಚರ್ಮದ ತುಣುಕಿನಲ್ಲಿ ಸುತ್ತಿ ಬಿಗಿಯದಿದ್ದರೆ ದವಡೆಯಿಂದ ಜಾರುವುದು. ಕಿವಿಯ ಮದ್ದು ಮಂಜಿಗೆ ನೆನೆದರೆ ಎಷ್ಟು ಸಿಂಗಾರವಾದ ಪಿಸ್ತೂಲಾದರೂ ಬರಿಯ ದೊಣ್ಣೆ. ಸವಾರನ ಪಿಸ್ತೂಲಿಗೆ ಜೀನಿನ ಮುಂಭಾಗದಲ್ಲಿ ಚರ್ಮದ ಗೂಡು ಕಟ್ಟಿದ್ದುದು ಅಂದಕ್ಕಲ್ಲ. ಓಡುವ ಕುದುರೆಯ ಮೇಲೆ ಅದು ಜಾರಿ ಬೀಳದಿರಲಿ, ಧೂಳು ಮಳೆಗಳು ಕೀಲಿಗೆ ತಾಗದಿರಲಿ ಎಂದು. ಇಂಗ್ಲೆಂಡಿನ ಕುಶಲಿಗಳು ಜೋಡಿ ಪಿಸ್ತೂಲುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದಾಗ, ಗುಂಡಿನ ಅಚ್ಚು, ಮದ್ದಿನ ಬುರುಡೆ, ಗಜ, ತಿರುಪುಳಿ, ಎಣ್ಣೆಯ ಕುಪ್ಪಿ ಇವನ್ನು ಅದೇ ಪೆಟ್ಟಿಗೆಯ ಗೂಡುಗಳಲ್ಲಿ ಜೋಡಿಸಿಕೊಡುತ್ತಿದ್ದರು. ಪಿಸ್ತೂಲಿನ ಜೊತೆಯ ಸಾಮಾನು ಎಂದರೆ ಆ ದಿನಗಳಲ್ಲಿ ಅದನ್ನು ಕಾಪಾಡುವ ಸಾಮಾನು ಎಂದೇ ಅರ್ಥ.

1799ನೆಯ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಸುಲ್ತಾನನೂ ಮಡಿದನು. ಅವನ ಆಯುಧಗಳು ಕೊಳ್ಳೆಯ ಪಾಲಾಗಿ ಸಮುದ್ರವನ್ನು ದಾಟಿದುವು. ಇಂದು ಅವು ಇಂಗ್ಲೆಂಡಿನ ಸಂಗ್ರಹಗಳಲ್ಲಿಯೂ, ಹರಾಜಿನಲ್ಲಿ ಕೊಂಡವರ ಮನೆಗಳಲ್ಲಿಯೂ ಇವೆ. ಮಾಡಿಸಿದವನು ಯಾರು, ಕೆತ್ತಿದ್ದು ಯಾವ ವರ್ಷ ಎಂಬುದನ್ನು ಅವು ಇಂದಿಗೂ ಹೇಳುತ್ತವೆ. ಕೈಯಿಂದ ಕೈಗೆ ಹೋದರೂ ತನ್ನ ಮೂಲವನ್ನು ಮೈಮೇಲೆ ಹೊತ್ತುಕೊಂಡಿರುವ ಆಯುಧದ ವಿಚಾರ ಹೀಗೆ. ಮೂಲವನ್ನು ಹೇಳದ ಆಯುಧದ ವಿಚಾರವನ್ನು ಮುಂದೆ ನೋಡಲಿದ್ದೇವೆ.

ಹತ್ತೊಂಬತ್ತನೆಯ ಶತಮಾನವು ಕೈಕೋವಿಯನ್ನು ಇನ್ನೂ ಕಿರಿದು ಮಾಡಿತು. ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಹಕ್ಕಿ ಬೇಟೆಯ ಹವ್ಯಾಸದವನು. ಚಕಮಕಿಯ ಮಿಂಚನ್ನು ಕಂಡೊಡನೆ ಹಕ್ಕಿ ಹಾರಿಹೋಗುವುದನ್ನು ನೋಡಿ ಬೇಸತ್ತು, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದನು. ಇದರಿಂದ ಹುಟ್ಟಿದ ತಾಮ್ರದ ಟೊಪ್ಪಿಗೆಯೇ ನಮ್ಮ ಹಳ್ಳಿಗರು ಇಂದಿಗೂ ಕೇಪು ಎಂದು ಕರೆಯುವ ವಸ್ತು. ಕಲ್ಲು, ತಗಡು, ಕಿವಿಯ ಬಟ್ಟಲು ಇವೆಲ್ಲ ತಪ್ಪಿದ್ದರಿಂದ ಪಿಸ್ತೂಲು ಜೇಬಿನಲ್ಲಿ ಹಿಡಿಯುವಷ್ಟಾಯಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಹೆನ್ರಿ ಡೆರಿಂಜರ್ ಎಂಬಾತನು ಮಾಡುತ್ತಿದ್ದ ಜೇಬು ಪಿಸ್ತೂಲು ಇದರಲ್ಲಿ ಹೆಸರುವಾಸಿ. 1865ನೆಯ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಕುಳಿತಿದ್ದ ಅಬ್ರಹಾಂ ಲಿಂಕನ್ನರ ತಲೆಗೆ ಗುಂಡು ಹೊಡೆದದ್ದು ಅಂತಹುದೇ ಒಂದು ಪಿಸ್ತೂಲು; ಅದರ ಒಟ್ಟು ಉದ್ದ ಆರು ಅಂಗುಲಕ್ಕೆ ಮೀರಿರಲಿಲ್ಲ. ಒಂದೇ ಈಡಿನ ಈ ಆಯುಧದ ಪಕ್ಕದಲ್ಲಿಯೇ ಸುತ್ತುವ ಗೂಡಿನ ರಿವಾಲ್ವರು ಬೆಳೆಯುತ್ತಿತ್ತು. ಕೋಲ್ಟನು ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಲೋಹದ ತೋಟಾ ತುಂಬುವ ರಿವಾಲ್ವರನ್ನು ಸ್ಮಿತ್ ಮತ್ತು ವೆಸನ್ನರು 1857ರಲ್ಲಿ ಹೊರತಂದರು. ತೋಟಾದ ಹಿತ್ತಾಳೆಯ ಕೋಶದಲ್ಲಿ ಮದ್ದು, ಗುಂಡು, ಕೇಪು ಮೂರೂ ಒಟ್ಟಿಗೆ ಇರುವುದರಿಂದ ಮದ್ದು ನೆನೆಯುವ ಭಯ ಬಹುಮಟ್ಟಿಗೆ ತಪ್ಪಿತು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಪಿಸ್ತೂಲಿನಲ್ಲಿಯೂ ಜೀವವಿರಬಹುದಾದ ಕಾಲ ಅಲ್ಲಿಂದ ಆರಂಭವಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಚಾಮರಾಜನಗರದ ಸೀಮೆಯಲ್ಲಿ ಕೋವಿಯ ಸ್ಥಿತಿ ಹೇಗಿತ್ತು? ಅರಿಕುಠಾರವೆಂಬ ಹಳೆಯ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದದ್ದು 1818ರಲ್ಲಿ. ಮುಂದೆ 1864ರಲ್ಲಿ ಮೈಸೂರಿಗೆ ಬಂದ ಜಿ. ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಈ ಊರಿಗೆ ಹತ್ತಿರದಲ್ಲಿ ಮನೆ ಕಟ್ಟಿಕೊಂಡು, ಅದೇ ಕಾಡಿನ ಅಂಚಿನಲ್ಲಿ ಆನೆಗಳ ಖೆಡ್ಡಾ ನಡೆಸಿ ಪ್ರಸಿದ್ಧನಾದನು. ಅವನು 1878ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಈ ಸೀಮೆಯ ಕಾಡಿನ ಬಾಳು ಬಹುವಾಗಿ ಬಂದಿದೆ. ಆನೆಯನ್ನೆದುರಿಸಲು ಅವನು ನೆಚ್ಚಿದ್ದು ನಾಲ್ಕನೆಯ ನಂಬರಿನ ಭಾರಿ ಕೋವಿಯನ್ನು. ಆನೆ ಕಾಟಿಗಳ ಮುಂದೆ ಕೈಕೋವಿ ಆಟಿಕೆಗೆ ಸಮಾನ. ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸಬೇಕಾದ ರೈತನಿಗೂ ಬೇಕಾದದ್ದು ದೊಡ್ಡ ಸದ್ದಿನ ಕೇಪಿನ ಕೋವಿ. ಅದನ್ನು ಆತನು ಹೆಗಲ ಮೇಲೆ ಎಲ್ಲರಿಗೂ ಕಾಣುವಂತೆ ಹೊತ್ತು ಹೋಗುತ್ತಿದ್ದನು. ಯಾರ ಮನೆಯಲ್ಲಿ ಕೋವಿ ಇದೆ, ಅದು ಯಾವ ಬಗೆಯದು, ಕುದುರೆ ಸಡಿಲವೋ ಬಿಗಿಯೋ ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು.

ಕಾಡಿನ ಸೀಮೆಯಲ್ಲಿಯೂ ಬೇಟೆಯ ಕೋವಿಯ ಕಾಲ ಮೆಲ್ಲನೆ ಮುಗಿಯಿತು. 1941ರಲ್ಲಿ ಮೈಸೂರು ಸಂಸ್ಥಾನವು ವೇಣುಗೋಪಾಲ ವನ್ಯಮೃಗ ಧಾಮವನ್ನು ವಿಸ್ತಾರವಾಗಿ ಏರ್ಪಡಿಸಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನೂ, 1973ರಲ್ಲಿ ಬಂಡೀಪುರಕ್ಕೆ ಹುಲಿ ಯೋಜನೆಯೂ ಬಂದುವು. ಉದ್ದ ಕೋವಿಯನ್ನು ಹೊತ್ತು ಕಾಡಿಗೆ ಹೋಗುವ ಕಾರಣವೇ ಇಲ್ಲದಾಯಿತು. ಆದರೆ ಪಿಸ್ತೂಲಿಗೆ ಕಾಡಿನೊಡನೆ ಎಂದೂ ಸಂಬಂಧವಿರಲಿಲ್ಲ. ಅದು ಮನುಷ್ಯನ ಮೇಲೆ, ಅದೂ ಹತ್ತು ಹೆಜ್ಜೆಯ ಅಂತರದಲ್ಲಿ ಬಳಸುವುದಕ್ಕೆಂದೇ ಮಾಡಿದ ಆಯುಧ. ಈ ಮಾತು ಕಠೋರವೆನಿಸಿದರೂ ಪಿಸ್ತೂಲನ್ನು ಕೈಯಲ್ಲಿ ಹಿಡಿಯುವವನು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದೇ.

ಆಯುಧವನ್ನು ಕಾಣುವಂತೆ ಇಟ್ಟುಕೊಂಡು ಗೌರವಿಸುವ ಪದ್ಧತಿಗೆ ನಮ್ಮ ನೆರೆಯ ಕೊಡಗಿನಲ್ಲಿ ಒಳ್ಳೆಯ ನಿದರ್ಶನವಿದೆ. 1857ರ ದಂಗೆಯಾದ ಮೇಲೆ ಇಂಗ್ಲಿಷ್ ಸರಕಾರವು ದೇಶದ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನುಗಳನ್ನು ಮಾಡಿತು. ಕೊಡವರಿಗೆ 1861ರಲ್ಲಿ ಆ ಕಟ್ಟಳೆಯಿಂದ ವಿನಾಯಿತಿ ದೊರೆಯಿತು. 1878ರ ಆಯುಧ ಕಾನೂನು, ಸ್ವತಂತ್ರ ಭಾರತದ 1959ರ ಆಯುಧ ಕಾನೂನು ಇವುಗಳ ಕಾಲದಲ್ಲಿಯೂ ಆ ವಿನಾಯಿತಿ ಉಳಿದು ಬಂದಿದೆ. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿ ಹಿಡಿಯಿತು. ವರ್ಷಕ್ಕೊಮ್ಮೆ ಸೆಪ್ಟೆಂಬರ್ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಯನ್ನು ಚೊಕ್ಕಟಮಾಡಿ, ತೋಕ್ ಪೂವಿನಿಂದ ಅಲಂಕರಿಸಿ, ಮನೆಮಂದಿಯೆಲ್ಲ ನೋಡುತ್ತಿರಲು ಪೂಜಿಸುತ್ತಾರೆ. ತೋಕ್ ಎಂದರೆ ಕೋವಿಯೆಂದೇ ಅರ್ಥ. ವರ್ಷಕ್ಕೊಮ್ಮೆಯಾದರೂ ಕೋವಿಯ ಸ್ಥಿತಿಯನ್ನು ಹಿರಿಯರ ಕಣ್ಣೆದುರು ಪರೀಕ್ಷಿಸುವುದು ಆ ಹಬ್ಬದೊಳಗೆ ಅಡಗಿರುವ ವಿವೇಕ. ಬಚ್ಚಿಟ್ಟ ಪಿಸ್ತೂಲಿಗೆ ಈ ಭಾಗ್ಯವಿಲ್ಲ. ಅದರ ತುಕ್ಕನ್ನು ನೋಡುವವನು ಒಬ್ಬನೇ, ತಪ್ಪನ್ನು ತಿದ್ದುವವರು ಯಾರೂ ಇಲ್ಲ.

ಇಪ್ಪತ್ತನೆಯ ಶತಮಾನವು ತಾನಾಗಿ ತುಂಬಿಕೊಳ್ಳುವ ಪಿಸ್ತೂಲಿನ ಶತಮಾನ. ಅಮೆರಿಕದ ಜಾನ್ ಬ್ರೌನಿಂಗನು ರೂಪಿಸಿ ಬೆಲ್ಜಿಯಮ್ಮಿನ ಕಾರ್ಖಾನೆಯಲ್ಲಿ ತಯಾರಾದ 1900ರ ಮಾದರಿ ಈ ಬಗೆಯ ಚಪ್ಪಟೆ ಪಿಸ್ತೂಲುಗಳಿಗೆ ಮೇಲ್ಪಂಕ್ತಿಯಾಯಿತು. ಒಂದು ಗುಂಡು ಹಾರಿದೊಡನೆ ಅದರ ಹಿನ್ನೂಕಿನಿಂದಲೇ ಮೇಲಿನ ಜಾರುಪಟ್ಟಿ ಹಿಂದೆ ಸರಿದು, ಖಾಲಿ ಕೋಶವನ್ನು ಹೊರಗೆಸೆದು, ಬುಗ್ಗೆಯ ಬಲದಿಂದ ಮುಂದೆ ಬರುವಾಗ ಹಿಡಿಯೊಳಗಣ ಗೂಡಿನಿಂದ ಇನ್ನೊಂದು ತೋಟಾವನ್ನು ಮೇಲೆ ತಳ್ಳುತ್ತದೆ. ರಿವಾಲ್ವರಿನ ಉಬ್ಬಿದ ಹೊಟ್ಟೆ ಇದಕ್ಕಿಲ್ಲದ ಕಾರಣ ಬಟ್ಟೆಯಡಿಯಲ್ಲಿ ಅಡಗಿ ಕೂರುತ್ತದೆ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳದಿರಲೆಂದು ಕುದುರೆಯನ್ನೇ ಒಳಗೆ ಹುದುಗಿಸಿದ ಮಾದರಿಗಳೂ ಬಂದುವು. ಹಿಡಿಯನ್ನು ಬಿಗಿಯಾಗಿ ಅದುಮಿದ ಹೊರತು ಹಾರದ ರಿವಾಲ್ವರನ್ನು ಸ್ಮಿತ್ ಮತ್ತು ವೆಸನ್ನರು 1887ರಲ್ಲಿಯೇ ತಂದಿದ್ದರು. ಮರೆಯಲ್ಲಿಟ್ಟ ಕೋವಿಯು ತನ್ನ ಒಡೆಯನನ್ನೇ ಗಾಯಗೊಳಿಸಬಹುದೆಂಬ ಭಯ ಅದನ್ನು ಮಾಡಿದವರಿಗೂ ಇತ್ತೆಂಬುದು ಇದರಿಂದ ಗೊತ್ತಾಗುತ್ತದೆ.

ಈ ಚಿಕ್ಕ ಯಂತ್ರಕ್ಕೆ ಬೇಕಾದ ಆರೈಕೆ ಹಳೆಯ ಕರಿಮದ್ದಿನ ಪಿಸ್ತೂಲಿನದಕ್ಕಿಂತ ಬೇರೆ. ಮೈಗೆ ತಾಗಿಕೊಂಡಿರುವುದರಿಂದ ಇದರ ಮೊದಲ ಶತ್ರು ಬೆವರು. ಬೆವರಿನ ಉಪ್ಪು ಉಕ್ಕನ್ನು ಹೊರಗಿನಿಂದ ತಿನ್ನುತ್ತದೆ. ಬಟ್ಟೆಯ ನವಿರು, ಧೂಳು, ಅತಿಯಾಗಿ ಸವರಿದ ಎಣ್ಣೆ ಇವು ಮೂರೂ ಕೂಡಿದರೆ ಕೀಲುಗಳಲ್ಲಿ ಅಂಟಾಗಿ ಕುಳಿತು ಒಳಗಣ ನಡೆಯನ್ನು ಕೆಡಿಸುತ್ತವೆ. ಬಲ್ಲವರು ಎಣ್ಣೆಯನ್ನು ಹನಿಯ ಲೆಕ್ಕದಲ್ಲಿ ಬಳಸುತ್ತಾರೆ. ಹಲವು ಕೈ ದಾಟಿದ ಪಿಸ್ತೂಲಿನಲ್ಲಿ ಹೊಳಪು ನೋಡಿ ಮೋಸಹೋಗಬಾರದು. ಮೊದಲು ಸವೆಯುವುದು ಒಳಗಿನ ಬುಗ್ಗೆಗಳು. ಬುಗ್ಗೆ ಸೋತರೆ ತೋಟಾ ಮೇಲೇರದು, ಜಾರುಪಟ್ಟಿ ಸರಿಯಾಗಿ ಮುಚ್ಚದು. ಟ್ರಿಗರಿನ ಕೊಕ್ಕೆ ಸವೆದಿದ್ದರೆ ಕೆಳಗೆ ಬಿದ್ದ ಮಾತ್ರಕ್ಕೇ ಈಡು ಹಾರುವ ಅಪಾಯವುಂಟು. ಇವನ್ನು ಪರೀಕ್ಷಿಸುವ ಕೆಲಸ ಲೈಸೆನ್ಸು ಪಡೆದ ಕೋವಿ ಕುಶಲಿಯದು. ಊರ ಕಮ್ಮಾರನದಲ್ಲ, ಒಡೆಯನದೂ ಅಲ್ಲ.

ಒರೆಯ ವಿಷಯದಲ್ಲಿಯೂ ಜನ ತಪ್ಪು ತಿಳಿಯುತ್ತಾರೆ. ಬೀಟೆಯ ಹಿಡಿ, ದಂತದ ಹಿಡಿ, ಬೆಳ್ಳಿಯ ಕೆತ್ತನೆ ಇವುಗಳಂತೆ ಒರೆಯೂ ಒಂದು ಒಡವೆಯೆಂದು ಎಣಿಸುತ್ತಾರೆ. ಒರೆಗೆ ಮೂರು ಕೆಲಸಗಳಿವೆ. ಟ್ರಿಗರಿಗೆ ಬೆರಳಾಗಲಿ ಬಟ್ಟೆಯಾಗಲಿ ತಗುಲದಂತೆ ಪೂರ್ತಿ ಮುಚ್ಚುವುದು ಮೊದಲನೆಯದು. ಬಾಗಿದರೂ ಓಡಿದರೂ ಪಿಸ್ತೂಲು ಬೀಳದಂತೆ ಹಿಡಿದಿಡುವುದು ಎರಡನೆಯದು. ಅನ್ಯರ ಕಣ್ಣಿಗೂ ಕೈಗೂ ಸಿಕ್ಕದಂತೆ ಮರೆಮಾಡುವುದು ಮೂರನೆಯದು. ಒರೆಯಿಲ್ಲದೆ ಜೇಬಿನಲ್ಲಿ ಹಾಕಿದ ಪಿಸ್ತೂಲಿಗೆ ಬೀಗದ ಕೈಗೊಂಚಲು ತಗುಲಿದರೂ ಅನರ್ಥವಾದೀತು. ಇಷ್ಟು ಉಪಕಾರಿಯಾದ ಚರ್ಮದ ಒರೆಯೂ ಮನೆಯಲ್ಲಿ ಇಡುವಾಗ ಶತ್ರುವಾಗುತ್ತದೆ. ಹದಮಾಡಿದ ಚರ್ಮವು ಮಳೆಗಾಲದ ತೇವವನ್ನು ಹಿಡಿದಿಟ್ಟು, ತಿಂಗಳುಗಟ್ಟಲೆ ತನ್ನೊಳಗಿರುವ ಉಕ್ಕನ್ನು ಮೆಲ್ಲನೆ ಕೊರೆಯುತ್ತದೆ. ಆದುದರಿಂದ ಇಡುವಾಗ ಒರೆ ಬೇರೆ, ಪಿಸ್ತೂಲು ಬೇರೆ, ತೋಟಾ ಬೇರೆಯಾಗಿರಬೇಕು.

ನಮ್ಮ ದೇಶದಲ್ಲಿ ಹಳೆಯ ಪಿಸ್ತೂಲುಗಳನ್ನು ಇಷ್ಟು ಜತನದಿಂದ ಉಳಿಸಿಕೊಂಡು ಬರುವುದಕ್ಕೆ ಕಾರಣವೂ ಇದೆ. ಸೈನ್ಯದವರು ಬಳಸುವ ಅಳತೆಗಳ ಕೋವಿಗಳನ್ನು ಕಾನೂನು ಸಾಮಾನ್ಯ ಜನರಿಗೆ ಕೊಡುವುದಿಲ್ಲ. ಹೀಗಾಗಿ .32 ಅಳತೆಯ ಚಿಕ್ಕ ಕೈಕೋವಿಗಳೇ ಜನರ ಕೈಯಲ್ಲಿ ಹೆಚ್ಚಾಗಿ ಉಳಿದವು. 1980ರ ದಶಕದಲ್ಲಿ ಖಾಸಗಿಯವರು ಪರದೇಶದ ಕೋವಿಗಳನ್ನು ತರಿಸಿಕೊಳ್ಳುವುದಕ್ಕೆ ತಡೆ ಬಿದ್ದಮೇಲೆ, ಅದಕ್ಕೂ ಮುಂಚೆ ಬಂದಿದ್ದ ಪಿಸ್ತೂಲುಗಳಿಗೆ ಬೆಲೆ ಏರಿತು. ಅವು ಒಬ್ಬರಿಂದೊಬ್ಬರಿಗೆ ಕೈ ಬದಲಾಯಿಸುತ್ತ ಹೋದುವು. ನಮ್ಮ ಕಲ್ಪನೆಯ ಪೆಟ್ಟಿಗೆಯಲ್ಲಿರುವುದೂ ಇಂತಹುದೇ ಒಂದು.

ಕೈ ಬದಲಾದ ಪಿಸ್ತೂಲೆಂದರೆ ಭಾರತೀಯರಾದ ನಮಗೆ ಒಂದು ಪಿಸ್ತೂಲಿನ ನೆನಪು ಬಾರದೆ ಇರದು. ಇಟಲಿಯ ಬೆರೆಟಾ ಕಾರ್ಖಾನೆಯ 1934ರ ಮಾದರಿ ಅದು. ಅಂಗೈಗಿಂತ ತುಸುವೇ ಉದ್ದ, ಗೂಡಿನಲ್ಲಿ ಏಳು ತೋಟಾ, ಮೈಮೇಲೆ 606824 ಎಂಬ ನಂಬರು. ಇಟಲಿಯಲ್ಲಿ ಹುಟ್ಟಿದ ಅದು ಹೇಗೋ ಭಾರತವನ್ನು ಸೇರಿ, ಗ್ವಾಲಿಯರಿನಲ್ಲಿ ಲೈಸೆನ್ಸಿಲ್ಲದೆ ಕೈ ಬದಲಾಗಿ, ಎರಡೇ ದಿನಗಳಲ್ಲಿ ದೆಹಲಿಯನ್ನು ಮುಟ್ಟಿತು. 1948ನೆಯ ಜನವರಿ 30ರ ಸಂಜೆ, ಪ್ರಾರ್ಥನೆಗೆ ನಡೆದು ಬರುತ್ತಿದ್ದ ಮಹಾತ್ಮ ಗಾಂಧಿಯವರ ಎದೆಯ ಮುಂದೆ ಅದು ಮರೆಯಿಂದ ಹೊರಬಂದಿತು. ಇದೇ ಗಾಂಧಿಯವರು 1927ರಲ್ಲಿ ಬದನಗುಪ್ಪೆಗೆ ದೂರವಲ್ಲದ ಬದನವಾಳಿಗೆ ಬಂದು, ಅಲ್ಲಿಯ ನೂಲುವವರನ್ನು ಕಂಡು ಸಂತೋಷಪಟ್ಟಿದ್ದರು. ಅವರನ್ನು ನೋಡಿದ ಸೀಮೆಗೆ ಆ ಸಂಜೆಯ ಸುದ್ದಿ ದೂರದ ಸುದ್ದಿಯಾಗಿರಲಿಲ್ಲ.

ಆ ಪಿಸ್ತೂಲು ಸುಸ್ಥಿತಿಯಲ್ಲಿತ್ತೆಂಬುದನ್ನು ನಾವು ನೆನಪಿನಲ್ಲಿಡಬೇಕು. ಮೂರು ಗುಂಡುಗಳೂ ತಡೆಯಿಲ್ಲದೆ ಹೊರಟುವು. ಬುಗ್ಗೆ ಸೋತಿರಲಿಲ್ಲ, ತೋಟಾ ಸಿಕ್ಕಿಕೊಳ್ಳಲಿಲ್ಲ. ಯಂತ್ರದ ಆರೈಕೆಯಲ್ಲಿ ಏನೊಂದೂ ಕೊರತೆಯಿರಲಿಲ್ಲ. ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಹೋಗುತ್ತಿದೆಯೆಂದು ಕೇಳುವವರಿಲ್ಲದೆ ಅದು ಕೈ ಬದಲಾಯಿಸಿತೆಂಬುದೇ ಕೊರತೆ. ಕೆಂಪು ಕೋಟೆಯಲ್ಲಿ ನಡೆದ ವಿಚಾರಣೆಯಲ್ಲಿ ನ್ಯಾಯಾಧೀಶರು ಆ ಪಿಸ್ತೂಲಿನ ಹಾದಿಯನ್ನು ಸಾಕ್ಷಿಗಳ ಬಾಯಿಂದ ಹಿಂದು ಹಿಂದಕ್ಕೆ ಹುಡುಕಬೇಕಾಯಿತು. ತೀರ್ಪು ಬಂದದ್ದು 1949ನೆಯ ಫೆಬ್ರವರಿ 10ರಂದು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೊಲೆಯಾದ ಮೇಲೆ ಕೇಳಿದಂತಾಯಿತು. ನಮ್ಮ ಕಾಲಕ್ಕೆ ಬಂದರೆ, 2015ನೆಯ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರೂ, 2017ನೆಯ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರೂ ತಮ್ಮ ತಮ್ಮ ಮನೆಯ ಬಾಗಿಲಲ್ಲಿಯೇ ಕೈಕೋವಿಯ ಗುಂಡಿಗೆ ಬಲಿಯಾದರು. ಎದುರಿಗೆ ಬರುವವನ ಬಟ್ಟೆಯ ಮರೆಯಲ್ಲಿ ಏನಿದೆಯೆಂದು ತಿಳಿಯುವ ಉಪಾಯ ಯಾರಿಗೂ ಇಲ್ಲ.

ಈ ಅನುಭವಗಳಿಂದಲೇ ನಮ್ಮ ಕಾನೂನು ಬೆಳೆದಿದೆ. 1959ರ ಆಯುಧ ಕಾನೂನಿನ ಪ್ರಕಾರ ಲೈಸೆನ್ಸು ಇರುವುದು ವ್ಯಕ್ತಿಗೆ. ಆಯುಧವು ಯಾರ ಹೆಸರಿನಲ್ಲಿದೆಯೋ ಅವರದೇ ಹೊಣೆ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಒಯ್ಯುವವನು ಅದನ್ನು ಒರೆಯಲ್ಲಿಟ್ಟು ಪೂರ್ತಿಯಾಗಿ ಮುಚ್ಚಿರಬೇಕು, ಅದು ತನ್ನ ಹತೋಟಿಯಲ್ಲಿಯೇ ಇರುವಂತೆ ನೋಡಿಕೊಳ್ಳಬೇಕು. ಮದುವೆ ಮೆರವಣಿಗೆಗಳಲ್ಲಿ ಆಯುಧ ಝಳಪಿಸುವುದೂ ಗುಂಡು ಹಾರಿಸುವುದೂ ಅಪರಾಧ. ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ಲೈಸೆನ್ಸುದಾರನು ತೀರಿಕೊಂಡರೆ ಅವನ ಕೋವಿ ಮನೆಯ ಪಾತ್ರೆ ಪಡಗಗಳಂತೆ ತಾನಾಗಿ ಮಗನದಾಗುವುದಿಲ್ಲ. ವಾರಸುದಾರನು ಅದನ್ನು ಪೋಲೀಸ್ ಠಾಣೆಯಲ್ಲಿಯೋ ಲೈಸೆನ್ಸು ಪಡೆದ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟು, ಬೇಕಾದರೆ ತನ್ನ ಹೆಸರಿನಲ್ಲಿ ಲೈಸೆನ್ಸು ಕೇಳಿಕೊಳ್ಳಬೇಕು. ಬೇಡವಾದರೆ ನ್ಯಾಯವಾದ ಮಾರ್ಗದಿಂದ ವಿಲೇವಾರಿ ಮಾಡಬೇಕು. ಐನೂರು ವರ್ಷಗಳ ಹಿಂದೆ ಚಕ್ರವರ್ತಿಯೊಬ್ಬನು ಬಚ್ಚಿಡಬಹುದೆಂಬ ಕಾರಣಕ್ಕೆ ಕೈಕೋವಿಯನ್ನು ನಿಷೇಧಿಸಿದನೆಂದೆವು. ಇಂದಿನ ಕಾನೂನು ಅದನ್ನು ಜನರ ಕಣ್ಣಿಗೆ ಮುಚ್ಚಿಡೆಂದೂ ಸರಕಾರದ ದಫ್ತರದಲ್ಲಿ ತೆರೆದಿಡೆಂದೂ ವಿಧಿಸುತ್ತದೆ.

ಇನ್ನು ಬದನಗುಪ್ಪೆಯ ಆ ಪೆಟ್ಟಿಗೆಗೆ ಮರಳೋಣ. ಮಗನು ಬಟ್ಟೆಯ ಗಂಟನ್ನು ಬಿಚ್ಚಿ ಕುಳಿತಿದ್ದಾನೆ. ಮಕ್ಕಳು ಸುತ್ತ ನೆರೆದಿದ್ದಾರೆ. ಪಿಸ್ತೂಲಿನೊಳಗೆ ತೋಟಾ ಇದೆಯೋ ಇಲ್ಲವೋ ಅವನಿಗೆ ತಿಳಿಯದು. ಅವನು ಮೊದಲು ಮಾಡಬೇಕಾದದ್ದು ಇದೆಯೆಂದೇ ಭಾವಿಸಿ ಮಕ್ಕಳನ್ನು ದೂರ ಕಳುಹಿಸುವುದು, ಟ್ರಿಗರಿನ ಹತ್ತಿರ ಬೆರಳನ್ನೊಯ್ಯದೆ ಇದ್ದಂತೆಯೇ ಇಟ್ಟು ಪೆಟ್ಟಿಗೆಗೆ ಬೀಗ ಹಾಕುವುದು. ಆಮೇಲೆ ಕಾಗದ ಪತ್ರಗಳಲ್ಲಿ ತಂದೆಯ ಲೈಸೆನ್ಸನ್ನು ಹುಡುಕಬೇಕು. ಅದರಲ್ಲಿರುವ ನಂಬರೂ ವಿವರವೂ ಈ ಪಿಸ್ತೂಲಿನವೇ ಹೌದೋ ಎಂಬುದು ಠಾಣೆಯಲ್ಲಿ ತಿಳಿದೀತು. ಲೈಸೆನ್ಸು ಸಿಕ್ಕಲಿ ಸಿಕ್ಕದಿರಲಿ, ಠಾಣೆಗೆ ಮೊದಲು ಸುದ್ದಿ ಮುಟ್ಟಿಸಿ ಅವರು ಹೇಳಿದಂತೆ ಒಪ್ಪಿಸುವುದೇ ಸರಿಯಾದ ದಾರಿ.

ಅಷ್ಟಾದ ಮೇಲೆ ಅವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಇದು ತನಗೆ ನಿಜವಾಗಿ ಬೇಕೆ? ಹಂದಿ ಕಾಯುವುದಕ್ಕೆ ಇದು ಬಾರದು. ತಂದೆಯ ನೆನಪಿಗೆಂದರೆ ಆ ಪೆಟ್ಟಿಗೆಯಲ್ಲಿ ಅವರ ಕನ್ನಡಕವಿದೆ, ಅವರು ಬರೆದ ಕಾಗದಗಳಿವೆ. ಪ್ರಾಣಭಯವಿದ್ದು ಬೇಕೆಂದೇ ತೋರಿದರೆ, ಕುಶಲಿಯ ಪರೀಕ್ಷೆ, ಅಭ್ಯಾಸ, ಬೀಗದ ಪೆಟ್ಟಿಗೆ, ವರ್ಷ ವರ್ಷದ ಲೆಕ್ಕ ಇವೆಲ್ಲವನ್ನೂ ತನ್ನ ಬಾಳಿನುದ್ದಕ್ಕೂ ಹೊರುವ ಮನಸ್ಸು ಅವನಿಗಿರಬೇಕು. ಅಷ್ಟು ಹೊರುವ ಮನಸ್ಸಿಲ್ಲದಿದ್ದರೆ ಒಳ್ಳೆಯ ಎಣ್ಣೆಯಿಂದಲೂ ಒಳ್ಳೆಯ ಒರೆಯಿಂದಲೂ ಆಗುವ ಪ್ರಯೋಜನವೇನೂ ಇಲ್ಲ. ಠಾಣೆಯ ದಫ್ತರದಲ್ಲಿ ಅದರ ನಂಬರನ್ನು ಬರೆಸಿ, ರಸೀತಿಯನ್ನು ಪಡೆದು, ಬರಿಗೈಯಲ್ಲಿ ಮನೆಗೆ ಹಿಂದಿರುಗುವ ಮಗನೂ ತನ್ನ ತಂದೆಯ ಆಯುಧಕ್ಕೆ ತಕ್ಕ ಪೂಜೆಯನ್ನೇ ಸಲ್ಲಿಸಿದವನೆಂದು ನಾವು ಭಾವಿಸುತ್ತೇವೆ.